ವಿಜಯಪುರದ ಎರಿ ನೆಲದಾಗ ಬಯಲು ಪಿಕಲ್‌ಬಾಲ್ ಕೋರ್ಟ್: ಅಕ್ರಿಲಿಕ್ ಹಚ್ಚೂಕಿಂತ ಮೊದಲ ಏನೇನು ನೋಡಬೇಕು?

ಗುಮ್ಮಟನಗರಿ (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಬಡಾವಣ್ಯಾಗ ಆಟಕ್ಕಂತ ಬಿಟ್ಟ 45 × 75 ಅಡಿ ಖಾಲಿ ಜಾಗದಾಗ ಒಂದು ಪಿಕಲ್‌ಬಾಲ್ (ಬ್ಯಾಟಿಲೇ ಪ್ಲಾಸ್ಟಿಕ್ ಚೆಂಡು ಹೊಡದು ಆಡೋ, ಟೆನಿಸ್‌ನಂಥಾ ಆಟ) ಕೋರ್ಟ್ ಮಾಡಬೇಕಂತ ಅದ. ಮ್ಯಾಲ ಛಾವಣಿ ಇಲ್ಲ, ಪೂರಾ ಬಯಲು. ನೆಲ ಅಪ್ಪಟ ಎರಿ. ನಾಕು ಅಡಿ ತೋಡಿದ್ರೂ ಕರಿ ಮಣ್ಣೇ ಬರ್ತದ, ಬ್ಯಾಸಿಗ್ಯಾಗ ಕೈ ಹೋಗುವಷ್ಟು ಸೀಳು ಬಿಡ್ತದ.

ಗುತ್ತಿಗೆದಾರರು ಕೊಟ್ಟ ಕೊಟೇಶನ್ ಹಿಂಗದ: ಮ್ಯಾಲಿನ ಒಂದಡಿ ಮಣ್ಣು ತಗದು ಉಸುಕು ತುಂಬೋದು, ಅದರ ಮ್ಯಾಲ 4 ಇಂಚು ಎಂ20 ಕಾಂಕ್ರೀಟ್, ಹೆಲಿಕಾಪ್ಟರ್ ಮಷೀನಿಲೇ ನುಣ್ಣಗ ಫಿನಿಶ್, ಹದಿನೈದು ದಿನಕ್ಕ ‘ಎಂಟು ಪದರದ’ ಅಕ್ರಿಲಿಕ್ ಕುಶನ್ (ಮೆತ್ತನ್ನ ರಬ್ಬರ್ ಪದರ ಸೇರಿದ ಬಣ್ಣದ ಲೇಪ). ಎಲ್ಲಾ ಮೇ ತಿಂಗಳಾಗ ಮುಗಿಸಿ ಮಳಿಗಿಂತ ಮೊದಲ ಆಡಾಕ ಕೊಡ್ತೀವಿ ಅಂತಾರ.

ಎರಿ ನೆಲಕ್ಕ ಇಷ್ಟು ಬುನಾದಿ ಸಾಕೇನು? ಅಕ್ರಿಲಿಕ್ ಎಷ್ಟು ಪದರ, ಎಷ್ಟು ಲೀಟರ್ ಬೇಕು? ಕುಶನ್ ಬೇಕೇ ಬೇಕಾ? ತಿಳದವರು ಲೆಕ್ಕ ಸಮೇತ ಹೇಳಿದ್ರ ಛಲೋ ಆಗ್ತದ.

---

ಗರಸು_ಖಡಿ (ಬಾಗಲಕೋಟೆ)

ಸರ, ಆ ಕೊಟೇಶನ್ದಾಗ ಅಕ್ರಿಲಿಕ್ ಅನ್ನೋ ಶಬ್ದ ಒಂದ ಬಿಟ್ಟು ಉಳಿದದ್ದೆಲ್ಲಾ ತಿದ್ದಬೇಕಾಗೈತಿ. ಬಣ್ಣದ ಮಾತು ಬ್ಯಾರೆಯವರು ಹೇಳ್ತಾರ, ನಾ ಕೆಳಗಿನದ ಹೇಳ್ತೀನಿ.

ಮೊದಲ ಉಸುಕು ಬ್ಯಾಡ. ಎರಿ ಭೂಮ್ಯಾಗ ತಗ್ಗು ತೋಡಿ ಉಸುಕು ತುಂಬಿದ್ರ ಸುತ್ತಲಿನ ಮಳಿ ನೀರೆಲ್ಲಾ ಅದರಾಗ ಇಳದು ನಿಂದರತೈತಿ. ಕೆಳಗಿನ ಎರಿ ಆ ನೀರು ಕುಡದು ಉಬ್ಬತೈತಿ, ಮ್ಯಾಲಿನ ಕಾಂಕ್ರೀಟ್ ಎತ್ತತೈತಿ. ಬ್ಯಾಸಿಗಿ ಬಂದ ಕೂಡಲೇ ಅಂಚಿನ ಮಣ್ಣು ಮೊದಲ ಒಣಗಿ ಕೆಳಗ ಸರೀತೈತಿ, ನಡುವಿನದು ಹಂಗ ಇರತೈತಿ. ವರ್ಷಾ ಇದ ಏರಿಳಿತ. ಕಾಂಕ್ರೀಟ್ ಸೀಳಿದ ಮ್ಯಾಲ ಅಕ್ರಿಲಿಕ್ ಎಷ್ಟ ಪದರ ಇದ್ದರೂ ಅದ ಗೆರಿ ಹಿಡದು ಸೀಳತೈತಿ. ಎಲ್ಲಾ ಪದರ ಕೂಡಿದ್ರೂ ಅದರ ದಪ್ಪ ಒಂದೆರಡು ಮಿಲಿಮೀಟರ್, ಅದಕ್ಕ ಬಿರುಕು ತಡಿಯೋ ಶಕ್ತಿ ಇಲ್ಲ.

ನಿಮ್ಮ ಮಣ್ಣು ಎಷ್ಟು ಉಬ್ಬತೈತಿ ಅನ್ನೋದು ಮೊದಲ ನೋಡ್ರಿ. ಐಎಸ್ (ಭಾರತೀಯ ಮಾನಕ) 2720 ಭಾಗ 40ರಾಗ ಸರಳ ಪರೀಕ್ಷಾ ಐತಿ. ಒಣಗಿಸಿ ಪುಡಿ ಮಾಡಿ 425 ಮೈಕ್ರಾನ್ ಜರಡಿ ಹಿಡದ ಮಣ್ಣು 10 ಗ್ರಾಂನಂಗ ಎರಡು ಪಾಲು. 100 ಮಿ.ಲೀ. ಅಳತಿ ಗಾಜಿನ ಎರಡು ಕೊಳವಿ ತಗೊಂಡು ಒಂದರಾಗ ಸೀಮೆಎಣ್ಣಿ, ಇನ್ನೊಂದರಾಗ ಶುದ್ಧ ನೀರು ತುಂಬಿ ಮಣ್ಣು ಹಾಕ್ರಿ. ಕಲಕಿ ಗಾಳಿಗುಳ್ಳಿ ಬಿಡಿಸಿ 24 ತಾಸು ಬಿಡ್ರಿ. ಸೀಮೆಎಣ್ಣ್ಯಾಗ ಮಣ್ಣು ಉಬ್ಬೂದಿಲ್ಲ. ಅದರಾಗ 10 ಮಿ.ಲೀ.ಗೆ ಕುಂತ ಮಣ್ಣು ನೀರಿನ್ಯಾಗ 16 ಮಿ.ಲೀ. ಆತಂದ್ರ ಉಬ್ಬು 60 ಪರ್ಸೆಂಟ್. 50 ದಾಟಿತಂದ್ರ ಬುನಾದ್ಯಾಗ ಕಂಜೂಸಿ ಮಾಡಬ್ಯಾಡ್ರಿ. ಸಿವಿಲ್ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನ್ಯಾಗೂ ಮಾಡಿಸಬಹುದು.

ಮದ್ದು ಅಂದ್ರ ಗರಸು. ಉಬ್ಬದ, ಆದ್ರ ಸ್ವಲ್ಪ ಅಂಟಿರೋ ಕೆಂಪು ಗರಸಿನ ಮೆತ್ತಿ. ಎರಿ ಮಣ್ಣಿನ ಕಾಲುವಿಗಳಿಗೆ ಲೈನಿಂಗ್ ಹಾಕಾಗ ಬಳಸೂ ಪದ್ಧತಿನ ಇದು; ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿಯವರು ರೂಢಿಗೆ ತಂದದ್ದು, ಐಎಸ್ 9451ರಾಗ ಸೇರೈತಿ. ರಸ್ತಾ ಕೆಲಸದಾಗ ಇದರ ದಪ್ಪ 60 ಸೆಂ.ಮೀ.ದಿಂದ 1 ಮೀಟರ್ ಹಿಡೀತಾರ. ಕೋರ್ಟಿಗೆ 60 ಸೆಂ.ಮೀ. ಅಂದ್ರೂ ಕಮ್ಮೀನ ಕಮ್ಮಿ. ಗರಸು ಕೈಯಾಗ ಹಿಡದು ಒತ್ತಿದ್ರ ಉಂಡಿ ಕಟ್ಟಬೇಕು, ಅದ ಕೊಳವಿ ಪರೀಕ್ಷಾದಾಗ ಉಬ್ಬಬಾರದು. ಬರೇ ಕಲ್ಲೇ ಇರೋ ಗರಸು ತಂದ್ರ ಅದೂ ಉಸುಕಿನಂಗ ನೀರು ಬಿಡತೈತಿ.

ಲೆಕ್ಕ: ಕೋರ್ಟ್ 20 × 44 ಅಡಿ, ಸುತ್ತಲಿನ ಜಾಗ ಸೇರಿ 34 × 64 ಅಡಿ ಕಟ್ರಿ, ಅಂದ್ರ 202 ಚದರ ಮೀಟರ್. ಗರಸು ನಾಕೂ ಕಡಿ 1 ಮೀಟರ್ ಹೊರಗ ಬರಬೇಕು, ಆಗ 266 ಚದರ ಮೀಟರ್. 60 ಸೆಂ.ಮೀ. ದಪ್ಪಕ್ಕ 160 ಘನ ಮೀಟರ್, ದಮ್ಮಸ್ಸಿಗೆ ಕಾಲು ಪಾಲು ಹೆಚ್ಚಿಗಿ ಹಿಡದ್ರ 200. ನಮ್ಮ ಕಡೆ ಲೆಕ್ಕದಾಗ ಸುಮಾರು 70 ಬ್ರಾಸ್ (ಒಂದು ಬ್ರಾಸ್ ಅಂದ್ರ 100 ಘನ ಅಡಿ). ಒಮ್ಮೆಲೇ ಸುರುವಿ ಮ್ಯಾಲ ರೋಲರ್ ಓಡಿಸಿದ್ರ ಉಪಯೋಗಿಲ್ಲ. 15–20 ಸೆಂ.ಮೀ. ಒಂದು ಪದರ, ಹದಾ ನೋಡಿ ನೀರು, 8–10 ಟನ್ನಿನ ರೋಲರ್, ಆಮ್ಯಾಲ ಮುಂದಿನ ಪದರ.

ಅದರ ಮ್ಯಾಲ 15 ಸೆಂ.ಮೀ. ಖಡಿ–ಡಸ್ಟ್ ಮಿಶ್ರಣ ದಮ್ಮಸ್, 250 ಮೈಕ್ರಾನ್ ಪ್ಲಾಸ್ಟಿಕ್ ಹಾಳಿ (ಜೋಡಣಿ ಒಂದರ ಮ್ಯಾಲ ಒಂದು 15 ಸೆಂ.ಮೀ. ಬರಬೇಕು, ಟೇಪ್ ಹಚ್ಚಬೇಕು), ಆಮ್ಯಾಲ 125 ಮಿ.ಮೀ. ಎಂ25 ಕಾಂಕ್ರೀಟ್. 202 ಚದರ ಮೀಟರಿಗೆ 25 ಘನ ಮೀಟರ್ ಚಿಲ್ಲರೆ. ಸರಳು 10 ಮಿ.ಮೀ., 150 ಮಿ.ಮೀ. ಅಂತರಕ್ಕ ಎರಡೂ ದಿಕ್ಕಿಗೆ; ಜೋಡಣಿ ಸೇರಿ 1.75 ಟನ್ ಹಿಡೀರಿ. ಜಾಳಿಗಿ ಮ್ಯಾಲಿನ ಮೈಯಿಂದ 40–50 ಮಿ.ಮೀ. ಒಳಗಿರಬೇಕು. ನೆಲಕ್ಕ ಹಾಸಿ, ಕಾಂಕ್ರೀಟ್ ಹಾಕಾಗ ಕೊಕ್ಕಿಲೇ ಎತ್ತತೀವಿ ಅಂದ್ರ ನಂಬಬ್ಯಾಡ್ರಿ, ಜಾಳಿಗಿ ಎತ್ತಿ ಹಿಡಿಯೋ ಸರಳಿನ ಕುರ್ಚಿ ಕೆಳಗ ಕೊಡಿಸ್ರಿ.

ಕಟ್ ಜಾಯಿಂಟ್ (ಬಿರುಕು ಬಂದ್ರ ಅಲ್ಲೇ ಬರ್ಲಿ ಅಂತ ಗರಗಸಿಲೇ ಕೊಯ್ಯೋ ಸೀಳು) ನೆಟ್ಟಿನ ಕೆಳಗ ಒಂದ ಬರ್ಲಿ: ಕಾಲು ಭಾಗ ಆಳ ಅಂದ್ರ 32 ಮಿ.ಮೀ., ಕಾಂಕ್ರೀಟ್ ಹಾಕಿದ ದಿನಾನ, ಗರಗಸ ಹಾಕಿದ್ರ ಅಂಚು ಉದುರದಷ್ಟು ಗಟ್ಟಿ ಆದ ಕೂಡಲೇ. ಅಲ್ಲಿ ಸರಳು ಒಂದ ಬಿಟ್ಟು ಒಂದು ಕತ್ತರಿಸಿರಬೇಕು. ಕೆಲವರು ಆಟದ ನಡುವ ನಾಕು ಕಡಿ ಕಟ್ ಹಾಕಿ ಬಿಡ್ತಾರ. ನೆಟ್ಟಿನಿಂದ 7 ಅಡಿ ಗೆರಿ ಹತ್ರ ಜಾಯಿಂಟ್ ಬಂತಂದ್ರ ಆಟಗಾರರ ಕಾಲು ಯಾವಾಗಲೂ ಅಲ್ಲೇ, ಮೊದಲ ಹಾಳಾಗೋದೂ ಅಲ್ಲೇ. ಸರಳು ಸರಿ ಇದ್ರ ಕೂದಲೆಳಿಯಷ್ಟು ಬಿರುಕು ಬಂದ್ರೂ ಅಗಲ ಆಗೂದಿಲ್ಲ.

ಇಳಿಜಾರು 1 ಪರ್ಸೆಂಟ್, ಒಂದ ಮಗ್ಗಲಿಗೆ, ಅಡ್ಡಕ. 34 ಅಡಿಗೆ 4 ಇಂಚು. ನಡುವ ಎತ್ತರ ಮಾಡಿ ಎರಡೂ ಕಡಿ ಇಳಿಸೋದು ಬ್ಯಾಡ. ಕೋರ್ಟಿನ ಉದ್ದ ಉತ್ತರ–ದಕ್ಷಿಣ ಇರ್ಲಿ, ಇಲ್ಲಾಂದ್ರ ಸಂಜಿ ಬಿಸಲು ಒಬ್ಬರ ಕಣ್ಣಿಗೇ ಹೊಡೀತೈತಿ.

ಹೆಲಿಕಾಪ್ಟರ್ ಫಿನಿಶ್ ಗೋದಾಮಿಗೆ ಛಲೋ, ಇಲ್ಲಿ ಬ್ಯಾಡ. ಗೌಂಡಿಗೆ ಹೇಳಿ ನೈಲಾನ್ ಕಸಬರಗಿ ಎಳಸ್ರಿ, ಮಧ್ಯಮ ಒರಟು. 10 ಅಡಿ ಪಟ್ಟಿ ಇಟ್ಟು ನೋಡಿದ್ರ ಕೆಳಗ 3 ಮಿ.ಮೀ.ಗಿಂತ ಹೆಚ್ಚಿಗಿ ಸಂದು ಕಾಣಬಾರದು. ಕ್ಯೂರಿಂಗ್ ಕಾಂಪೌಂಡ್ (ಕಾಂಕ್ರೀಟಿನ ನೀರು ಆರದಂಗ ಮ್ಯಾಲ ಹೊಡಿಯೋ ದ್ರವ) ಹೊಡಿಸಬ್ಯಾಡ್ರಿ. ಗೋಣಿ ತಟ್ಟು ಹೊದಿಸಿ ನೀರು ಹಾಕ್ರಿ.

ಇನ್ನೊಂದು, ಕೊಟೇಶನ್ದಾಗ ಎಲ್ಲೂ ಬರೂದಿಲ್ಲ: ಸ್ಲ್ಯಾಬಿನ ಸುತ್ತ 1 ಮೀಟರ್ ಫರ್ಸಿ ಅಥವಾ ಸಿಮೆಂಟಿನ ಅಂಚು, ಅದರಾಚೆ ಗಟಾರ. ಒಂದ ಮಗ್ಗಲಿಗೆ ಹುಲ್ಲು ಬೆಳಸಿ ದಿನಾ ನೀರು ಬಿಡೋದು, ಇನ್ನೊಂದು ಮಗ್ಗಲಿಗೆ ಬೇವಿನ ಗಿಡ ಹಚ್ಚೋದು ಎರಡೂ ಬ್ಯಾಡ. ಒಂದು ಕಡಿ ಎರಿ ಉಬ್ಬತೈತಿ, ಇನ್ನೊಂದು ಕಡಿ ಬೇರು ನೀರು ಹೀರಿ ಕುಸೀತೈತಿ.

---

ಕುಂದಾನಗರಿ (ಬೆಳಗಾವಿ)

ಮೇಲಿನವರು ನೆಲದ ಮಾತು ಮುಗಿಸಿದ್ದಾರೆ, ಮೇಲ್ಮೈಯದು ನಾನು ಬರೆಯುತ್ತೇನೆ. ಮೊದಲು ತಿಂಗಳು. ಮೇ ತಿಂಗಳು ಗರಸು ತುಂಬಲು ಒಳ್ಳೆಯ ಕಾಲ, ಅಕ್ರಿಲಿಕ್‌ಗೆ ಕೆಟ್ಟ ಕಾಲ. ವಿಜಯಪುರದ 40 ಡಿಗ್ರಿ ಬಿಸಿಲಿನಲ್ಲಿ ಕಾಂಕ್ರೀಟಿನ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ನೆಲದ ಉಷ್ಣತೆ 60 ಡಿಗ್ರಿ ಮುಟ್ಟಿದರೆ ಹಚ್ಚಲೇಬಾರದು. ಅದಕ್ಕಿಂತ ಕೆಳಗಿದ್ದರೂ ಸ್ಕ್ವೀಜಿ (ಮಾಲು ಹರಡುವ ರಬ್ಬರ್ ಅಂಚಿನ ಪಟ್ಟಿ) ಎಳೆದು ಹಿಂದೆ ತಿರುಗುವಷ್ಟರಲ್ಲಿ ಅಂಚು ಒಣಗಿ ಪಟ್ಟೆ ಬೀಳುತ್ತದೆ. ಮಳೆಗಾಲ ಕಳೆದ ಮೇಲೆ ಅಕ್ಟೋಬರಿನಲ್ಲಿ ಕಾಂಕ್ರೀಟ್, 28 ದಿನ ಬಿಟ್ಟು ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಅಕ್ರಿಲಿಕ್: ನಿಮ್ಮ ಕಡೆ ಇದೇ ಸರಿಯಾದ ಕ್ರಮ. ಡಿಸೆಂಬರ್–ಜನವರಿಯಲ್ಲಿ ಮುಂಜಾನೆ ಇಬ್ಬನಿ ಇರುತ್ತದೆ. ಅದು ಪೂರ್ತಿ ಆರಿದ ಮೇಲೆ ಶುರುಮಾಡಿ ಮಧ್ಯಾಹ್ನ ಮೂರರೊಳಗೆ ನಿಲ್ಲಿಸಿ. ಸಂಜೆ ಹಚ್ಚಿದ್ದು ರಾತ್ರಿಯ ತಂಪಿಗೆ ಒಣಗದೆ ಉಳಿದು ಬೆಳಗಿನ ಇಬ್ಬನಿಗೆ ಬಿಳಿಚಿಕೊಳ್ಳುತ್ತದೆ. ಗಾಳಿಯ ಉಷ್ಣತೆ 10 ಡಿಗ್ರಿಗಿಂತ ಮೇಲಿದ್ದು ಏರುತ್ತಿರಬೇಕು, ಇದು ನಿಮ್ಮಲ್ಲಿ ಹಗಲು ತೊಂದರೆಯಲ್ಲ.

‘ಎಂಟು ಪದರ’ ಎನ್ನುವುದು ಅಳತೆಯೇ ಅಲ್ಲ. ನೀರು ಸುರಿದು ತೆಳ್ಳಗೆ ಮಾಡಿದರೆ ಎಂಟಲ್ಲ, ಹನ್ನೆರಡು ಸಲ ಎಳೆಯಬಹುದು. ಕೇಳಬೇಕಾದದ್ದು ಇಷ್ಟು: ನೀರು ಬೆರೆಸುವ ಮೊದಲಿನ ಮಾಲು ಚದರ ಮೀಟರಿಗೆ ಎಷ್ಟು? ಡಬ್ಬಿಗಳು ಸೀಲ್ ಸಮೇತ ಸ್ಥಳಕ್ಕೆ ಬರಬೇಕು, ಖಾಲಿಯಾದವು ಕೆಲಸ ಮುಗಿಯುವವರೆಗೆ ಅಲ್ಲೇ ಇರಬೇಕು ಎಂದು ಕರಾರಿನಲ್ಲೇ ಬರೆಸಿ. ಪದರ ಎಣಿಸುವುದಕ್ಕಿಂತ ಡಬ್ಬಿ ಎಣಿಸುವುದು ಸುಲಭ.

ಕೆಲಸದ ಸರದಿ ಹೀಗೆ. ಕಾಂಕ್ರೀಟಿಗೆ 28 ದಿನ ಆದ ಮೇಲೆ ತೇವ ನೋಡಬೇಕು. 18 ಇಂಚು ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಮೂರು–ನಾಲ್ಕು ಕಡೆ ಅಂಟಿಸಿ 16 ಗಂಟೆ ಬಿಡಿ. ತೆಗೆದಾಗ ಒಳಗೆ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ನಂತರ ಆಸಿಡ್ ತೊಳೆತ. ಮ್ಯೂರಿಯಾಟಿಕ್ ಆಸಿಡ್ ಒಂದು ಪಾಲು, ನೀರು ನಾಲ್ಕು ಪಾಲು. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಕೈಗವಸು, ಕನ್ನಡಕ, ಗಮ್‌ಬೂಟು ಕಡ್ಡಾಯ. ನೆಲ ಮೊದಲು ಒದ್ದೆ ಮಾಡಿ ನಿಂತ ನೀರು ಗುಡಿಸಿ, ಆಸಿಡ್ ಹರಡಿ ಬಿರುಸು ಬ್ರಷ್‌ನಿಂದ ಉಜ್ಜಿ. ನೊರೆ ಏಳುವುದು ನಿಂತ ಮೇಲೆ ತೊಳೆಯಿರಿ, ಒಣಗಲು ಬಿಡಬೇಡಿ. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರು ಹಾಕಿ, ಮತ್ತೆ ಎರಡು ಸಲ ಸಾದಾ ನೀರು. ಒಣಗಿದ ನೆಲ ನುಣುಪು ಉಪ್ಪುಕಾಗದದಷ್ಟು ಒರಟಾಗಿರಬೇಕು. ಅಂಗೈ ಉಜ್ಜಿದರೆ ಬಿಳಿ ಪುಡಿ ಅಂಟಬಾರದು. ನೀರಿನ ಹನಿ ಮುತ್ತಾಗಿ ನಿಲ್ಲದೆ ಹರಡಿ ಇಂಗಬೇಕು.

ಆಮೇಲೆ ಇಡೀ ಸ್ಲ್ಯಾಬಿಗೆ ನೀರು ಹಾಯಿಸಿ ಬಿಸಿಲಿನಲ್ಲಿ ಒಂದು ಗಂಟೆ ಬಿಡಿ. ಎಲ್ಲೆಲ್ಲಿ ಇನ್ನೂ ನೀರು ನಿಂತಿದೆಯೋ ಅಲ್ಲಿ ಒಂದು ರೂಪಾಯಿ ನಾಣ್ಯ ಮಲಗಿಸಿ. ಅದು ಮುಳುಗಿದರೆ ಆ ತಗ್ಗು ತುಂಬಲೇಬೇಕು. ಸೀಮೆಸುಣ್ಣದಿಂದ ಗೆರೆ ಎಳೆದಿಡಿ. ತುಂಬಲು ಅಕ್ರಿಲಿಕ್ ಪ್ಯಾಚ್ ಬೈಂಡರ್ 12 ಲೀಟರ್, 60–80 ಮೆಶ್ ಸಿಲಿಕಾ ಮರಳು 50 ಕೆಜಿ, ಒಣ ಸಿಮೆಂಟ್ 5–6 ಲೀಟರ್ ಅಳತೆ. ಮೊದಲು ಬೈಂಡರಿಗೆ ಎರಡು ಪಾಲು ನೀರು ಬೆರೆಸಿ ತಗ್ಗಿಗೆ ಬ್ರಷ್ ಹೊಡೆದು, ಅದು ಆರಿದ ಮೇಲೆ ಪಟ್ಟಿಯಿಂದ ಎಳೆಯಿರಿ. ಅಂಚು ಏಣಾಗಿ ಉಳಿದರೆ ಉಜ್ಜುಕಲ್ಲಿನಿಂದ ಸವೆಸಿ, ಇಲ್ಲದಿದ್ದರೆ ಬಣ್ಣದ ಮೇಲೂ ಕಾಣುತ್ತದೆ.

ಈಗ ಲೀಟರಿನ ಲೆಕ್ಕ, 202 ಚದರ ಮೀಟರಿಗೆ:

ಪ್ರೈಮರ್ 20–27 ಲೀಟರ್. ಇದರ ಮೇಲೆ ಮುಂದಿನ ಪದರ ಡಬ್ಬಿಯಲ್ಲಿ ಹೇಳಿದ ಅವಧಿಯೊಳಗೇ, ಅಂದರೆ ಅದೇ ದಿನ ಬೀಳಬೇಕು. ಧೂಳು ಕೂತರೆ ಅಂಟು ಸತ್ತಂತೆ. ಹಾಗಾಗಿ ಅರ್ಧ ಕೋರ್ಟಿಗೆ ಪ್ರೈಮರ್, ಕೂಡಲೇ ಅದಕ್ಕೆ ರಿಸರ್ಫೇಸರ್ (ಬಣ್ಣದ ಕೆಳಗೆ ಎಳೆಯುವ, ಮರಳು ಬೆರೆಸಿದ ಅಕ್ರಿಲಿಕ್ ಪದರ), ಆಮೇಲೆ ಉಳಿದರ್ಧ.

ರಿಸರ್ಫೇಸರ್ ಮೊದಲ ಪದರಕ್ಕೆ ಚದರ ಮೀಟರಿಗೆ ಸುಮಾರು 0.3 ಲೀಟರ್, ಎರಡನೆಯದಕ್ಕೆ 0.25. ಒಟ್ಟು 111 ಲೀಟರ್, 20 ಲೀಟರಿನ ಆರು ಡಬ್ಬಿ ತರಿಸಿ. ಪ್ರತಿ 20 ಲೀಟರಿಗೆ 60–80 ಮೆಶ್ ಒಣ ಸಿಲಿಕಾ ಮರಳು 26–38 ಕೆಜಿ, ನೀರು 7–14 ಲೀಟರ್. ಬಿಸಿಲು ಹೆಚ್ಚಿದ್ದಾಗ ನೀರಿನ ಮೇಲ್ಮಿತಿಯ ಕಡೆ ಹೋಗಬಹುದು, ಅದನ್ನು ದಾಟಬಾರದು. ಮೊದಲು ನೀರು ಬೆರೆಸಿ, ಆಮೇಲೆ ಮರಳನ್ನು ಸ್ವಲ್ಪ ಸ್ವಲ್ಪವೇ ಸುರಿದು ನಿಧಾನ ವೇಗದ ಡ್ರಿಲ್ ಮಿಕ್ಸರಿನಿಂದ ಕಲಕಿ. ಮರಳು ತಳಕ್ಕೆ ಕೂರುತ್ತಲೇ ಇರುತ್ತದೆ, ಒಬ್ಬರು ಕಲಕುತ್ತಲೇ ಇರಬೇಕು. ಇಲ್ಲದಿದ್ದರೆ ಕೋರ್ಟಿನ ಒಂದು ಮೂಲೆ ಜಾರುತ್ತದೆ, ಇನ್ನೊಂದು ಮೂಲೆ ಮೊಣಕಾಲು ತರಚುತ್ತದೆ. ಕಸಬರಿಗೆ ಫಿನಿಶ್ ಚೆನ್ನಾಗಿ ಬಂದ ಕಾಂಕ್ರೀಟಿಗೆ ಒಂದೇ ರಿಸರ್ಫೇಸರ್ ಪದರ ಸಾಕಾಗಲೂಬಹುದು. ಗುಳಿಗಳು ಕಂಡರೆ ಎರಡು.

ಬಣ್ಣ ಎರಡು ಪದರ, ಒಂದಕ್ಕೆ 0.2 ಲೀಟರ್ ಹಿಡಿದರೆ 81 ಲೀಟರ್. ಹಂಚಿಕೆ: ಹೊರಗಿನ 120 ಚದರ ಮೀಟರಿಗೆ 48 ಲೀಟರ್, ನೆಟ್ ಪಕ್ಕದ 7 ಅಡಿಯ ಪಟ್ಟಿ, ಅಂದರೆ ಕಿಚನ್, ಎರಡೂ ಸೇರಿ 26 ಚದರ ಮೀಟರಿಗೆ 10–11 ಲೀಟರ್, ಉಳಿದ ಸರ್ವಿಸ್ ಭಾಗ 56 ಚದರ ಮೀಟರಿಗೆ 22–23 ಲೀಟರ್. ಪ್ರತಿ ಬಣ್ಣದ ಡಬ್ಬಿಗಳೂ ಒಂದೇ ಬ್ಯಾಚ್ ಸಂಖ್ಯೆಯವಾಗಿರಲಿ, ದುರಸ್ತಿಗೆಂದು ಒಂದೆರಡು ಲೀಟರ್ ಉಳಿಸಿಕೊಳ್ಳಿ. ಇದರ ಮರಳು ಇನ್ನೂ ಸಣ್ಣದು, 80–100 ಮೆಶ್. ತೀರಾ ಒರಟು ಮಾಡಿದರೆ ಚೆಂಡು ಮತ್ತು ಶೂ ಎರಡೂ ಬೇಗ ಸವೆಯುತ್ತವೆ. ಬೇರೆ ಬೇರೆ ಕಂಪನಿಯ ಮಾಲಿನಲ್ಲಿ ಗಟ್ಟಿ ಅಂಶ ಬೇರೆ ಇರುತ್ತದೆ; ಡೇಟಾ ಶೀಟಿನ ಅಂಕಿ ಇದಕ್ಕಿಂತ ತುಂಬ ಕಡಿಮೆ ಕಂಡರೆ ಕಾರಣ ಕೇಳಿ.

ಸ್ಕ್ವೀಜಿ 24–36 ಇಂಚು ಅಗಲದ್ದು. ಮಾಲನ್ನು ಉದ್ದಕ್ಕೆ ಪಟ್ಟಿಯಾಗಿ ಸುರಿದು, ಸ್ಕ್ವೀಜಿ ಸ್ವಲ್ಪ ಓರೆ ಹಿಡಿದು, ಹೆಚ್ಚಿನದು ಹಚ್ಚಬೇಕಾದ ಕಡೆಗೇ ಸರಿಯುವಂತೆ ಎಳೆಯಬೇಕು. ಅಂಚು ಹಸಿ ಇರುವಾಗಲೇ ಮುಂದಿನ ಎಳೆತ ಸೇರಬೇಕು. ಎರಡನೆಯ ಪದರ ಮೊದಲನೆಯದಕ್ಕೆ ಅಡ್ಡವಾಗಿ. ನಡುವೆ ಉಬ್ಬು ಗೆರೆಗಳಿದ್ದರೆ ಒಣಗಿದ ಮೇಲೆ ಪಟ್ಟಿಯಿಂದ ಕೆರೆದು, ಗುಡಿಸಿ, ಆಮೇಲೆ ಮುಂದಿನದು.

ಬಣ್ಣ ತಿಳಿಯಾಗಿರಲಿ. ಕಡು ನೀಲಿ, ಕಡು ಹಸಿರು ಫೋಟೋದಲ್ಲಿ ಚಂದ. ಏಪ್ರಿಲ್‌ನಲ್ಲಿ ಅದರ ಮೇಲೆ ನಿಲ್ಲಲಾಗದು. ಹಳದಿ ಚೆಂಡು ಎದ್ದು ಕಾಣುವಷ್ಟು ವ್ಯತ್ಯಾಸ ಇದ್ದರೆ ಸಾಕು.

ಕುಶನ್ ಬಗ್ಗೆ ನನ್ನ ಅಭಿಪ್ರಾಯ: ಹಿರಿಯರೇ ಹೆಚ್ಚು ಆಡುವುದಾದರೆ ಮೊಣಕಾಲಿಗೆ ಹಿತ, ಇಲ್ಲದಿದ್ದರೆ ಆ ಹಣ ಗರಸಿಗೆ ಮತ್ತು ಸರಳಿಗೆ ಹೋಗಲಿ. ರಬ್ಬರ್ ಹರಳಿನ ಪದರ ಮೆತ್ತಗಿರುತ್ತದೆ. ಕಬ್ಬಿಣದ ಕುರ್ಚಿ ಕಾಲು, ಅಂಪೈರ್ ಸ್ಟೂಲು, ಮಕ್ಕಳ ಸೈಕಲ್ ಸ್ಟ್ಯಾಂಡು ಎಲ್ಲದರ ಗುರುತೂ ಬೀಳುತ್ತದೆ.

---

ಗುಮ್ಮಟನಗರಿ (ವಿಜಯಪುರ)

ಇಬ್ಬರಿಗೂ ಭಾಳ ಧನ್ಯವಾದ್ರಿ. ಎರಡು ಸಣ್ಣ ಪ್ರಶ್ನೆ ಉಳದಾವ. ನಮ್ಮಲ್ಲಿ ಬೋರಿನ ನೀರು ಸವಳು, ಬಕೆಟ್ಟಿಗೆಲ್ಲಾ ಬಿಳಿ ಪೊರಿ ಕಟ್ತದ. ಕಾಂಕ್ರೀಟಿಗೆ, ಅಕ್ರಿಲಿಕ್ಕಿಗೆ ಅದನ್ನ ಬಳಸಬಹುದಾ? ಇನ್ನೊಂದು, ಗರಸು ಈ ಬ್ಯಾಸಿಗ್ಯಾಗ ತುಂಬಿ ಮಳಿಗಾಲ ಪೂರಾ ಹಂಗೇ ಬಿಟ್ರ ನಡೀತದಾ?

---

ಗರಸು_ಖಡಿ (ಬಾಗಲಕೋಟೆ)

ಬಿಡ್ರಿ, ಒಳ್ಳೇದ ಆಗತೈತಿ. ಬಾಯಿ ತೆರೆದ ಎರಿ ಮ್ಯಾಲ ಮೇದಾಗ ನೇರ ಕಾಂಕ್ರೀಟ್ ಹಾಕಿದ್ರ ಮೊದಲ ಮಳಿಗೆ ಅದು ಉಬ್ಬಿ ಎತ್ತತೈತಿ. ಗರಸು ಹಾಕಾಕಿಂತ ಮೊದಲ ತಳದ ಸೀಳಿನಾಗ ನೀರು ಬಿಟ್ಟು ಮುಚ್ಚಿಸ್ರಿ, ತಳ ರೋಲರ್ ಹೊಡೀರಿ, ಆಮ್ಯಾಲ ಗರಸು. ಮಳಿಗಾಲದಾಗ ಅದರ ಮ್ಯಾಲ ನೀರು ನಿಲ್ಲದಂಗ ಇಳಿಜಾರು ಆಗಲೇ ಕೊಟ್ಟಿರ್ರಿ. ಮಳಿ ಮುಗದ ಮ್ಯಾಲ ಎಲ್ಲೆಲ್ಲಿ ಕುಸದೈತಿ ನೋಡಿ, ಮ್ಯಾಲಿನ ಪದರ ಕೆದರಿ, ಗರಸು ಸೇರಿಸಿ ಮತ್ತ ದಮ್ಮಸ್ ಮಾಡಿ ಮುಂದಿನ ಕೆಲಸಕ್ಕ ಹೋಗ್ರಿ.

ಸವಳು ನೀರು ಕಾಂಕ್ರೀಟಿಗೆ ಕಲಸಾಕ ಬ್ಯಾಡ, ಸರಳಿಗೆ ಜಂಗು ಹಿಡಸತೈತಿ. ಕ್ಯೂರಿಂಗಿಗೂ ಬ್ಯಾಡ. ಉಪ್ಪು ಒಳಗ ಹೋಗಿ ಆಮ್ಯಾಲ ಬೆಳ್ಳಗ ಹೊರಗ ಬರತೈತಿ. ಕುಡಿಯೋ ನೀರಿನ ಟ್ಯಾಂಕರ್ ತರಸ್ರಿ.

---

ಕುಂದಾನಗರಿ (ಬೆಳಗಾವಿ)

ಅಕ್ರಿಲಿಕ್ ಬೆರೆಸುವ ನೀರಂತೂ ಕುಡಿಯುವ ನೀರೇ ಆಗಬೇಕು. ಗಡಸು ನೀರಿಗೆ ಕೆಲವು ಮಾಲು ಡಬ್ಬಿಯಲ್ಲೇ ಮೊಸರಿನಂತೆ ಒಡೆದು ಗಂಟು ಕಟ್ಟುತ್ತದೆ. ಹಾಗೆ ಆದ ಡಬ್ಬಿಯನ್ನು ಸೋಸಿ ಬಳಸಲು ಹೋಗಬೇಡಿ, ಎಸೆಯಿರಿ. ಒಟ್ಟು ಬೇಕಾಗುವುದು ನೂರಿನ್ನೂರು ಲೀಟರ್ ಅಷ್ಟೇ, ಕ್ಯಾನ್ ನೀರು ತರಿಸಿದರೂ ಆಗುತ್ತದೆ.

---

ಜಮಖಂಡಿ_ರ‍್ಯಾಲಿ

ಇದೇ ವಿಷಯದಾಗ ನಂದೂ ಒಂದು ಪ್ರಶ್ನೆ. ಒಂದು ವರ್ಷದ ಹಿಂದಿನ ಕೋರ್ಟ್, ಕಾಂಕ್ರೀಟ್ ಮ್ಯಾಲ ಅಕ್ರಿಲಿಕ್. ಒಂದು ಕಡಿ ಗುಳ್ಳಿ ಬಂದಾವ, ಬಿಸಲಿಗೆ ಉಬ್ಬತಾವ, ಸಂಜಿಗೆ ಕೂಡತಾವ. ಇನ್ನೊಂದು ಕಡಿ ಹಾಳಿಯಂಗ ಕಿತ್ತು ಬರಾಕತ್ತೈತಿ. ಮಾಡಿದವರು ‘ಮ್ಯಾಲ ಇನ್ನೊಂದು ಕೋಟ್ ಕೊಡ್ತೀವಿ’ ಅಂತಾರ. ಒಪ್ಪಬೇಕಾ?

---

ಕುಂದಾನಗರಿ (ಬೆಳಗಾವಿ)

ಒಪ್ಪಬೇಡಿ. ಸಡಿಲ ಪದರದ ಮೇಲೆ ಹೊಸ ಪದರ ಹಾಕಿದರೆ ಎರಡೂ ಸೇರಿ ಏಳುತ್ತವೆ. ಮೊದಲು ಕಾರಣ ಹುಡುಕಿ. ಕಿತ್ತ ತುಂಡಿನ ಬೆನ್ನೇ ಅದನ್ನು ಹೇಳುತ್ತದೆ.

ಕಟರ್ ಬ್ಲೇಡಿನಿಂದ 2 ಇಂಚು ಚೌಕ ಕೊಯ್ದು ಎತ್ತಿ ತಿರುಗಿಸಿ ನೋಡಿ. ಬೆನ್ನಿಗೆ ಬೂದು ಬಣ್ಣದ ಸಿಮೆಂಟ್ ಪುಡಿ ಅಂಟಿದ್ದರೆ ಆಸಿಡ್ ತೊಳೆತ ಆಗಿಲ್ಲ, ಅಥವಾ ತೊಳೆದ ಮೇಲೆ ಪುಡಿ ತೆಗೆದಿಲ್ಲ. ಬೆನ್ನು ಶುಭ್ರವಾಗಿದ್ದು ಕೆಳಗಿನ ಕಾಂಕ್ರೀಟ್ ನುಣ್ಣಗೆ ಹೊಳೆಯುತ್ತಿದ್ದರೆ ಹೆಲಿಕಾಪ್ಟರ್ ಫಿನಿಶ್ ಇಲ್ಲವೇ ಕ್ಯೂರಿಂಗ್ ಕಾಂಪೌಂಡ್. ಅಲ್ಲಿ ಒಂದು ಹನಿ ನೀರು ಬಿಟ್ಟರೆ ಇಂಗುವುದಿಲ್ಲ. ಬೆನ್ನಲ್ಲಿ ತೇವ, ಬಿಳಿ ಉಪ್ಪು ಕಂಡರೆ ನೀರಾವಿ ಕೆಳಗಿನಿಂದ ಏರುತ್ತಿದೆ, ಅಂದರೆ ಪ್ಲಾಸ್ಟಿಕ್ ಹಾಳೆ ಇಲ್ಲ ಅಥವಾ ಹರಿದಿದೆ, ಇಲ್ಲವೇ ಪಕ್ಕದ ಗಟಾರ ಸ್ಲ್ಯಾಬಿನ ಕೆಳಗೆ ಸೋರುತ್ತಿದೆ. ಬಿಸಿಲಿಗೆ ಉಬ್ಬಿ ಸಂಜೆ ಕೂರುವ ಗುಳ್ಳೆ ಸಾಮಾನ್ಯವಾಗಿ ಇದೇ ಜಾತಿ. ಕಾಂಕ್ರೀಟಿಗೆ ಒಂದು ಪದರ ಗಟ್ಟಿ ಹಿಡಿದಿದ್ದು ಅದರ ಮೇಲಿನದು ಮಾತ್ರ ಎದ್ದಿದ್ದರೆ ಎರಡು ಪದರಗಳ ನಡುವೆ ಧೂಳೋ ಇಬ್ಬನಿಯೋ ಸಿಕ್ಕಿದೆ.

ಧೂಳು–ಪುಡಿಯ ತಪ್ಪಾದರೆ ಸಡಿಲ ಭಾಗ ಗಟ್ಟಿ ಅಂಚು ಸಿಗುವವರೆಗೆ ಕಿತ್ತು, ಆಸಿಡ್ ತೊಳೆದು, ಪ್ರೈಮರಿನಿಂದ ಮತ್ತೆ ಶುರು. ಏಣು ಕಾಣದಂತೆ ಪ್ಯಾಚ್ ಮಿಶ್ರಣದಿಂದ ಸಮ ಮಾಡಿ. ನುಣುಪು ಕಾಂಕ್ರೀಟ್ ಅಥವಾ ಕಾಂಪೌಂಡ್ ಆದರೆ ಆಸಿಡ್ ಅದನ್ನು ಕಚ್ಚುವುದಿಲ್ಲ. ವಜ್ರದ ಚಕ್ರದ ಗ್ರೈಂಡರ್ ಹಾಕಿ ಇಡೀ ಮೈ ಉಜ್ಜಬೇಕು, ಧೂಳು ವ್ಯಾಕ್ಯೂಮಿನಿಂದ ತೆಗೆಯಬೇಕು. ನೀರಾವಿ ಆದರೆ ಮೊದಲು ನೀರಿನ ಮೂಲ ನಿಲ್ಲಿಸಿ, ಹಾಳೆ ಪರೀಕ್ಷೆ ಒಣಗಿ ಬಂದ ಮೇಲೆ ಮಾತ್ರ ಬಣ್ಣದ ಮಾತು. ಗುಳ್ಳೆ ಒಡೆದು ಮೇಲೆ ಬಳಿದರೆ ಅದು ಪಕ್ಕದಲ್ಲಿ ಏಳುತ್ತದೆ.

ಬೆಳಗಾವಿ, ಖಾನಾಪುರ ಕಡೆಯವರು ಓದುತ್ತಿದ್ದರೆ ಅವರಿಗೆ: ನಮ್ಮಲ್ಲಿ ಕೆಂಪು ಜಂಬಿಟ್ಟಿಗೆ ನೆಲ, ಉಬ್ಬುವ ಚಿಂತೆ ಕಡಿಮೆ, ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆಗೆ ಮೇಲ್ಮೈ ಮೇಲೆ ಪಾಚಿ ಹಿಡಿಯುತ್ತದೆ. ಮೆತ್ತನೆ ಬ್ರಷ್, ಸೌಮ್ಯ ಸೋಪು ನೀರು ಸಾಕು. ಪ್ರೆಶರ್ ವಾಷರ್ ಬಳಸುವವರು ಅಗಲ ನಳಿಕೆ ಹಾಕಿ ಒಂದಡಿ ದೂರ ಹಿಡಿಯಿರಿ. ನಳಿಕೆ ಹತ್ತಿರ ಹಿಡಿದರೆ ಮರಳು ಕಿತ್ತು ಬರುತ್ತದೆ, ಆಮೇಲೆ ಆ ಜಾಗ ಜಾರುತ್ತದೆ.

---

ಗೆರಿ_ಪಟ್ಟಿ (ಮುಧೋಳ)

ಗೆರಿ ಮತ್ತ ಕಂಬದ ಮಾತು ಯಾರೂ ಎತ್ತಿಲ್ಲ, ಅದಕ್ಕ ಬರೀತೀನಿ.

ನೆಟ್ಟಿನ ಕಂಬದ ಕೊಳವಿ ಸ್ಲ್ಯಾಬ್ ಹಾಕೂಕಿಂತ ಮೊದಲ ಕೂಡಬೇಕು. ಆಮ್ಯಾಲ ಕೋರ್ ಹೊಡದು ಕೂಡಿಸಿದ್ರ ಸರಳು ಕಡೀತೈತಿ, ಬಿರುಕು ಅಲ್ಲಿಂದನ ಶುರು. ಎರಡು ಕಂಬದ ಅಂತರ 22 ಅಡಿ. ಒಂದೊಂದಕ್ಕ 2 ಅಡಿ ಅಗಲ, 3 ಅಡಿ ಆಳದ ಕಾಂಕ್ರೀಟ್ ಗುಂಡಿ, ಸ್ಲ್ಯಾಬಿಗೂ ಇದಕ್ಕೂ ನಡುವ ಫೋಮ್ ಹಾಳಿ. ನೆಟ್ ಮಗ್ಗಲಿನ ಗೆರಿ ಮ್ಯಾಲ 36 ಇಂಚು, ನಡುವ 34 ಇಂಚು. ಕೋರ್ಟಿಗೆ ಅಡ್ಡ ಇಳಿಜಾರು ಇರೋದರಿಂದ ಎತ್ತರ ಆಯಾ ಜಾಗದ ನೆಲದಿಂದನ ಅಳೀರಿ, ನೀರುಮಟ್ಟ ಹಿಡದು ಕಟ್ಟಬ್ಯಾಡ್ರಿ.

ಗೆರಿ ಎಲ್ಲಾ 2 ಇಂಚು ಅಗಲ, ಅಳತಿ ಗೆರಿಯ ಹೊರ ಅಂಚಿಗೆ. ಕಿಚನ್ ಗೆರಿ ಕಿಚನ್ನಿಗೇ ಸೇರಿದ್ದು, ಅದರ ಸರ್ವಿಸ್ ಕಡಿ ಅಂಚು ನೆಟ್ಟಿನಿಂದ 7 ಅಡಿಗೆ ಬರಬೇಕು. ಮೂಲಿ ಕಾಟಕೋನ ಐತೋ ಇಲ್ಲೋ ನೋಡಾಕ ಮೂಲಿಯಿಂದ ಮೂಲಿಗೆ ಟೇಪ್ ಹಿಡೀರಿ: ಪೂರಾ ಕೋರ್ಟಿಗೆ 48 ಅಡಿ 4 ಇಂಚು, ಅರ್ಧಕ್ಕ 29 ಅಡಿ 9 ಇಂಚಿಗೆ ಒಂದೆಳಿ ಕಮ್ಮಿ. ಎರಡೂ ಕರ್ಣ ಒಂದ ಬರಬೇಕು. ಬಟ್ಟಿ ಟೇಪ್ ಜಗ್ಗತೈತಿ, ಸ್ಟೀಲ್ ಟೇಪ್ ತಗೋರಿ.

ಬಣ್ಣ ಪೂರಾ ಒಣಗಿದ ಮರುದಿನ ಮಾಸ್ಕಿಂಗ್ ಟೇಪ್ ಹಚ್ಚಿ, ಅಂಚು ಬಟ್ಟಿಲೇ ಒತ್ತಿ, ಮೊದಲ ಪಾರದರ್ಶಕ ಲೈನ್ ಪ್ರೈಮರ್ ಒಂದು ಕೈ. ಅದು ಟೇಪಿನ ಕೆಳಗಿನ ಸಂದು ತುಂಬತೈತಿ. ಆಮ್ಯಾಲ ಬಿಳಿ ಅಕ್ರಿಲಿಕ್ ಎರಡು ಕೈ. ಎರಡನೇದು ಕೈಗೆ ಹತ್ತದಂಗ ಆದ ಕೂಡಲೇ ಟೇಪ್ ಬಿಚ್ಚರಿ. ಬಿಸಲಾಗ ಬಿಟ್ರ ಅಂಟು ಉಳೀತೈತಿ. ಎಲ್ಲಾ ಗೆರಿ ಕೂಡಿಸಿದ್ರ 198 ಅಡಿ, ಅಂದ್ರ 3 ಚದರ ಮೀಟರ್. ಬಿಳಿ 2 ಲೀಟರ್ ತಂದ್ರ ಉಳೀತೈತಿ. ಅಂಗಡಿಯ ಆಯಿಲ್ ಪೇಂಟ್, ರಸ್ತಾದ ಥರ್ಮೋಪ್ಲಾಸ್ಟಿಕ್ ಯಾವದೂ ಬ್ಯಾಡ. ಒಂದು ಸೀಳತೈತಿ, ಇನ್ನೊಂದು ಮಳ್ಯಾಗ ಜಾರತೈತಿ.

ನೆಟ್ಟಿನ ಕೆಳಗಿನ ಕಟ್ ಜಾಯಿಂಟಿಗೆ ಅಕ್ರಿಲಿಕ್ ತುಂಬಬ್ಯಾಡ್ರಿ. ಬಣ್ಣ ಎಲ್ಲಾ ಆದ ಮ್ಯಾಲ ಫೋಮ್ ಹಗ್ಗ ಒತ್ತಿ ಪಾಲಿಯುರೆಥೇನ್ ಸೀಲೆಂಟ್ ಹೊಡೀರಿ, ಅದು ಹಿಗ್ಗತೈತಿ ಕುಗ್ಗತೈತಿ. ಮ್ಯಾಲ ಬಣ್ಣ ಬಳದ್ರ ಬಣ್ಣ ಸೀಳತೈತಿ.

ಗೆರಿ ಹಾಕಿ ಕನಿಷ್ಠ ಒಂದು ದಿನ, ಥಂಡಿ ದಿನ ಇದ್ರ ವಾರ ಬಿಟ್ಟು ಆಡ್ರಿ. ಗೇಟಿಗೆ ಒಂದು ಬೋರ್ಡ್ ಹಚ್ಚರಿ: ಎಲಿ–ಅಡಿಕಿ, ಗುಟ್ಕಾ ಬ್ಯಾಡ, ಆ ಕಲೆ ತಿಳಿ ಬಣ್ಣದಿಂದ ಹೋಗೂದಿಲ್ಲ. ಗೇಟ್ 3 ಅಡಿಗಿಂತ ಅಗಲ ಮಾಡಬ್ಯಾಡ್ರಿ. ಸುಗ್ಗ್ಯಾಗ ಇಷ್ಟು ಸ್ವಚ್ಛ, ಸಪಾಟ ನೆಲ ಕಂಡ್ರ ಯಾರರ ಒಬ್ಬರು ಗೋವಿನಜೋಳ ಹರವಾಕ ಟ್ರ್ಯಾಕ್ಟರ್ ತಂದ ತರತಾರ.

---

ಗುಮ್ಮಟನಗರಿ (ವಿಜಯಪುರ)

ಗುತ್ತಿಗೆದಾರರಿಗೆ ಇಷ್ಟೂ ಬರದು ಹೊಸ ಕೊಟೇಶನ್ ಕೇಳೀನ್ರಿ. ಉಸುಕು, ಹೆಲಿಕಾಪ್ಟರ್, ಕುಶನ್ ಮೂರೂ ತಗಿಸೀನಿ. ಗರಸು ಬ್ರಾಸ್ ಲೆಕ್ಕದಾಗ, ಅಕ್ರಿಲಿಕ್ ಲೀಟರ್ ಲೆಕ್ಕದಾಗ ಬ್ಯಾರೆ ಬ್ಯಾರೆ ಬರೀರಿ ಅಂದೀನಿ. ಗರಸು ಹಾಕೂಕಿಂತ ಮೊದಲ ಎರಡೂ ಮಣ್ಣಿಂದು ಕೊಳವಿ ಪರೀಕ್ಷಾ ಮಾಡಿಸಿ ಅಂಕಿ ಇಲ್ಲೇ ಹಾಕ್ತೀನಿ.

---

ಗರಸು_ಖಡಿ (ಬಾಗಲಕೋಟೆ)

ಹಾಕ್ರಿ. ಗರಸಿಂದು ಒಂದ ಲಾರಿದು ಸಾಕಾಗೂದಿಲ್ಲ; ಕ್ವಾರಿ ಬದಲಾದ್ರ ಮಣ್ಣೂ ಬದಲಾಗತೈತಿ. ಹತ್ತಿಪ್ಪತ್ತು ಬ್ರಾಸಿಗೊಮ್ಮೆ ಒಂದು ಹಿಡಿ ತಗದು ನೋಡ್ರಿ.